ಕಾಮೆಂಟೇಟರ್‌ಗಳ ಮೇಲಿನ ಸಿಟ್ಟು: ಪಕ್ಷಪಾತ ಯಾವುದು, ಕೆಲಸದ ಕೊರತೆ ಯಾವುದು?

ಗಲ್ಲಿ_ಫೀಲ್ಡರ್ (ಪ್ರಶ್ನೆ)

ದೊಡ್ಡ ಮ್ಯಾಚ್ ಮುಗಿದ ರಾತ್ರಿ ಎರಡೂ ತಂಡದ ಅಭಿಮಾನಿಗಳು ಒಬ್ಬನೇ ಕಾಮೆಂಟೇಟರ್‌ಗೆ ಬೈತಿರ್ತಾರೆ. ಇವರ ಪ್ರಕಾರ ಆತ ಅವರ ಕಡೆ, ಅವರ ಪ್ರಕಾರ ಇವರ ಕಡೆ. ಬೆಳಿಗ್ಗೆ ಪೇಪರ್ ನೋಡಿದವರು "ಇವರು ಮ್ಯಾಚ್ ನೋಡಿಯೇ ಬರೆದರಾ?" ಅಂತ ಕೇಳ್ತಾರೆ. ಈ ದೂರುಗಳಲ್ಲಿ ನಿಜ ಎಷ್ಟು, ನಮ್ಮ ಅಭಿಮಾನ ಎಷ್ಟು ಅಂತ ಬೇರ್ಪಡಿಸೋಕೆ ಏನಾದರೂ ದಾರಿ ಇದೆಯಾ? ಇಂಥವರು ಇಷ್ಟ, ಇಂಥವರು ಕಷ್ಟ ಅನ್ನೋ ಪಟ್ಟಿ ಬೇಡ, ಅದು ಬೇಕಾದಷ್ಟಿದೆ. ಕಾಮೆಂಟರಿ ಬಾಕ್ಸ್ ಒಳಗೆ ಕೆಲಸ ಹೇಗೆ ನಡೆಯುತ್ತೆ, ಎಲ್ಲಿ ಎಡವಟ್ಟಾಗುತ್ತೆ, ಮಾಜಿ ಆಟಗಾರರು ಕೆಲವು ವಿಷಯ ಬಂದ ಕೂಡಲೇ ಯಾಕೆ ಜಾರಿಕೊಳ್ತಾರೆ, ಇದು ಬಲ್ಲವರು ಹೇಳಿ. ಟಿವಿ ಮ್ಯೂಟ್ ಮಾಡಿ ರೇಡಿಯೋ ಕಾಮೆಂಟರಿ ಹಚ್ಚಿದರೆ ಎರಡೂ ಹೊಂದೋದೇ ಇಲ್ಲ, ಅದಕ್ಕೂ ಪರಿಹಾರ ಗೊತ್ತಿದ್ದರೆ ತಿಳಿಸಿ.

ಲಿಪ್‌ಮೈಕ್

ಒಳಗಿನ ವ್ಯವಸ್ಥೆ ಗೊತ್ತಾದರೆ ಅರ್ಧ ದೂರುಗಳ ವಿಳಾಸವೇ ಬದಲಾಗುತ್ತೆ.

ಕ್ರಿಕೆಟ್‌ನಲ್ಲಿ ಒಂದು ಹೊತ್ತಿಗೆ ಮೈಕ್ ಮುಂದೆ ಇಬ್ಬರು ಇಲ್ಲವೇ ಮೂವರು ಇರ್ತಾರೆ, ಸುಮಾರು ಅರ್ಧ ಗಂಟೆಗೊಮ್ಮೆ ಪಾಳಿ ಬದಲಾಗುತ್ತೆ. ಒಬ್ಬರದು ಏನಾಯ್ತು ಅಂತ ಹೇಳೋ ಕೆಲಸ, ಇನ್ನೊಬ್ಬರದು ಯಾಕಾಯ್ತು ಅಂತ ಬಿಡಿಸೋ ಕೆಲಸ. ಎರಡನೆಯವರು ಸಾಮಾನ್ಯವಾಗಿ ಮಾಜಿ ಆಟಗಾರರು. ಈ ಗೆರೆ ಅಳಿಸಿಹೋದಾಗಲೇ ಗದ್ದಲ ಶುರು: ಇಬ್ಬರೂ "ಏನು" ಹೇಳೋಕೆ ನಿಂತರೆ "ಯಾಕೆ" ಹೇಳೋಕೆ ಯಾರೂ ಉಳಿಯಲ್ಲ. ಚೆಂಡು ಬೌಂಡರಿಗೆ ಹೋದದ್ದು ನಮಗೂ ಕಾಣುತ್ತೆ. ಡೀಪ್ ಮಿಡ್‌ವಿಕೆಟ್ ಫೀಲ್ಡರನ್ನು ಎರಡು ಎಸೆತ ಮುಂಚೆ ಒಳಗೆ ಕರೆದದ್ದು ನಮಗೆ ಕಾಣಲ್ಲ. ಅದನ್ನು ಹೇಳಬೇಕಾದವರು ಅವರು.

ಅವರ ಕಿವಿಯಲ್ಲಿ ಪ್ರೊಡಕ್ಷನ್ ಕೋಣೆಯ ಧ್ವನಿ ನಿಲ್ಲೋದೇ ಇಲ್ಲ. ರೀಪ್ಲೇ ಬರ್ತಿದೆ, ಗ್ರಾಫಿಕ್ ಬರ್ತಿದೆ, ಜಾಹೀರಾತಿಗೆ ಹತ್ತು, ಒಂಬತ್ತು, ಎಂಟು... ಓವರ್ ಮುಗಿದ ಕೂಡಲೇ ಬ್ರೇಕ್ ಇದ್ದರೆ ಆರನೇ ಎಸೆತದ ವಿಶ್ಲೇಷಣೆಗೆ ಸಿಗೋದು ಐದಾರು ಸೆಕೆಂಡು. ಮಾತು ಅರ್ಧಕ್ಕೆ ನಿಲ್ಲುತ್ತೆ, ಬ್ರೇಕ್ ಮುಗಿಯೋ ಹೊತ್ತಿಗೆ ಹೊಸ ಬೌಲರ್ ಓಡಿ ಬರ್ತಿರ್ತಾನೆ. "ವಿಷಯ ಎತ್ತಿ ಅಲ್ಲೇ ಬಿಟ್ಟರು" ಅನ್ನೋ ಸಿಟ್ಟಿಗೆ ಬಹಳ ಸಲ ಇದೇ ಕಾರಣ.

ಎರಡನೇ ಕಾರಣ ಮಾನಿಟರ್. ಟಿವಿ ಕಾಮೆಂಟೇಟರ್ ನಮಗೆ ಕಾಣೋ ಚಿತ್ರಕ್ಕೇ ಮಾತಾಡಬೇಕು, ಹಾಗಾಗಿ ಕಣ್ಣು ಪರದೆಗೆ ಅಂಟಿರುತ್ತೆ. ಒಳ್ಳೆಯವರು ಎಸೆತಗಳ ನಡುವೆ ತಲೆ ಎತ್ತಿ ಮೈದಾನ ನೋಡ್ತಾರೆ, ಫೀಲ್ಡರುಗಳನ್ನು ಎಣಿಸ್ತಾರೆ. ಸೋಮಾರಿಗಳು ನೋಡಲ್ಲ. ಇನ್ನು ಎಷ್ಟೋ ಭಾಷೆಗಳ ಕಾಮೆಂಟರಿ ನಡೆಯೋದು ಮೈದಾನದಿಂದ ದೂರದ ಸ್ಟುಡಿಯೋದಲ್ಲಿ. ಅವರ ಮುಂದೆ ಮೈದಾನವೇ ಇಲ್ಲ, ನಾವು ನೋಡೋ ಫೀಡ್ ಮಾತ್ರ. ಅಂಥವರು ಫೀಲ್ಡಿಂಗ್ ಬದಲಾದದ್ದು ತಪ್ಪಿಸಿಕೊಂಡರೆ ಅಸಡ್ಡೆ ಅಂತ ಹೇಳಬೇಡಿ. ಅವರನ್ನು ಬೇರೆ ತಕ್ಕಡಿಯಲ್ಲಿ ತೂಗಬೇಕು.

ಇನ್ನೊಂದು ಮೌನ. ಟಿವಿಯಲ್ಲಿ ಚಿತ್ರಕ್ಕೆ ಸೇರಿಸೋಕೆ ಏನಾದರೂ ಇದ್ದರೆ ಮಾತ್ರ ಬಾಯಿ ತೆರೆಯಬೇಕು ಅನ್ನೋ ಪದ್ಧತಿಗೆ ಆಸ್ಟ್ರೇಲಿಯಾದ ಮಾಜಿ ನಾಯಕ ರಿಚಿ ಬೆನೊ ಹೆಸರುವಾಸಿ. ಅವರು 63 ಟೆಸ್ಟ್ ಆಡಿ 248 ವಿಕೆಟ್ ತೆಗೆದವರು, ಆದರೂ ಮಾತಿನಲ್ಲಿ ತಮ್ಮ ಕಾಲದ ಆಟ ತರ್ತಿದ್ದದ್ದು ಅಪರೂಪ. 2005ರ ಸೆಪ್ಟೆಂಬರ್ 12ರಂದು ಓವಲ್‌ನಲ್ಲಿ ಇಂಗ್ಲೆಂಡಿನ ವೀಕ್ಷಕರಿಗೆ ಅವರು ವಿದಾಯದ ಮಾತು ಹೇಳ್ತಾ ಇದ್ದಾಗಲೇ ಮೆಕ್‌ಗ್ರಾ ಪೀಟರ್‌ಸನ್‌ರನ್ನು 158ಕ್ಕೆ ಬೌಲ್ಡ್ ಮಾಡಿದರು. ಬೆನೊ ದನಿ ಏರಿಸಲಿಲ್ಲ. ಮಾತು ಕಡಿಯದೆ ವಿಕೆಟ್ಟನ್ನೂ ಅದರೊಳಗೇ ಸೇರಿಸಿ, ವಿದಾಯವನ್ನೂ ಮುಗಿಸಿದರು. ಆ ತುಣುಕು ಹುಡುಕಿ ಒಮ್ಮೆ ಕೇಳಿ. ಮ್ಯಾಚ್ ಮೊದಲು, ತಾನು ಆಮೇಲೆ ಅನ್ನೋದು ಅಲ್ಲಿ ಕಿವಿಗೇ ಸಿಗುತ್ತೆ.

ಮಾಜಿ ಆಟಗಾರರು ಜಾರಿಕೊಳ್ಳೋ ವಿಷಯ. ಸಂಬಳ ಕೊಡೋರು ಯಾರು ಅಂತ ನೋಡಿ. ಭಾರತದಲ್ಲಿ ಪ್ರಸಾರದ ತಯಾರಿ ಕ್ರಿಕೆಟ್ ಮಂಡಳಿಯ (ಬಿಸಿಸಿಐ) ಕೈಯಲ್ಲಿದ್ದಾಗ ಕಾಮೆಂಟೇಟರ್‌ಗಳ ಒಪ್ಪಂದವೂ ಅದರದ್ದೇ. 2013ರಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಬಂದಾಗ ತಂಡದ ಆಯ್ಕೆ, ಡಿಆರ್‌ಎಸ್ (ಅಂಪೈರ್ ತೀರ್ಪಿನ ಮರುಪರಿಶೀಲನೆ), ಆಡಳಿತ ಈ ವಿಷಯಗಳನ್ನು ಮಾತಾಡುವಂತಿಲ್ಲ ಅಂತ ಗೊತ್ತಾಗಿ ಆಸ್ಟ್ರೇಲಿಯಾದ ಮಾಜಿ ನಾಯಕ ಇಯಾನ್ ಚಾಪೆಲ್ ಆ ಕೆಲಸವನ್ನೇ ಬಿಟ್ಟರು. 2016ರ ಐಪಿಎಲ್‌ಗೆ ಮುಂಚೆ ಹರ್ಷ ಭೋಗ್ಲೆ, 2020ರಲ್ಲಿ ಸಂಜಯ್ ಮಂಜ್ರೇಕರ್ ಪಟ್ಟಿಯಿಂದ ಹೊರಗಾದರು. ಇದನ್ನೆಲ್ಲ ಕಂಡವರು ಆಯ್ಕೆ ಸಮಿತಿಯ ಮಾತು ಬಂದ ಕೂಡಲೇ ಹವಾಮಾನದ ಕಡೆ ತಿರುಗಿದರೆ ಅದು ಭಯ. ಒಂದು ತಂಡದ ಮೇಲಿನ ಪ್ರೀತಿ ಅಂತ ಅದನ್ನು ಎಣಿಸಬಾರದು.

ಸ್ಕೋರ್‌ಬುಕ್

ಮೇಲಿನ ಎಲ್ಲದಕ್ಕೂ ಸಹಮತ. ಪಕ್ಷಪಾತ ಅಳೆಯೋ ವಿಧಾನ ನಾನು ಹೇಳ್ತೀನಿ.

ನಮ್ಮ ತಂಡ ಆಡದ ಮ್ಯಾಚ್ ತಗೊಳ್ಳಿ, ಇದು ಮುಖ್ಯ. 1951ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒರಟಾದ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಹಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಅನ್ನೋ ಸಂಶೋಧಕರು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದರ ಒಂದೇ ಫಿಲ್ಮ್ ತೋರಿಸಿ ಫೌಲ್ ಎಣಿಸಿ ಅಂದರು. ಡಾರ್ಟ್‌ಮೌತ್ ತಂಡ ಮಾಡಿದ ಫೌಲುಗಳು ಪ್ರಿನ್ಸ್‌ಟನ್ ಹುಡುಗರಿಗೆ ಡಾರ್ಟ್‌ಮೌತ್ ಹುಡುಗರಿಗಿಂತ ಎರಡು ಪಟ್ಟು ಕಂಡವು. 1954ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಣ್ಣಿನ ಗತಿಯೇ ಹೀಗಿದ್ದರೆ ಕಿವಿಯ ಗತಿ ಬೇರೆ ಇರುತ್ತಾ?

ಎರಡೂ ಇನಿಂಗ್ಸಿನಿಂದ ಐದೈದು ಓವರ್, ಅಂದರೆ ಮೂವತ್ತು ಮೂವತ್ತು ಎಸೆತ. ಹಾಳೆಯಲ್ಲಿ ಮೂರು ಗೆರೆ ಎಳೀರಿ: ಎಸೆತಕ್ಕೆ ಮುಂಚೆ ಹೇಳಿದ್ದು, ಆದಮೇಲೆ ಹೇಳಿದ್ದು, ಬರೀ ಹೊಗಳಿಕೆ ಅಥವಾ ತೆಗಳಿಕೆ. ಮೊದಲನೇ ಸಾಲು ಖಾಲಿ, ಎರಡನೆಯದು ತುಂಬಿ ತುಳುಕ್ತಿದೆ ಅಂದರೆ ಆತ ಫಲಿತಾಂಶ ನೋಡಿ ಮಾತಾಡುವವನು. ಕ್ಯಾಚ್ ಹಿಡಿದರೆ ನಾಯಕನ ಜಾಣತನ, ಅದೇ ಜಾಗದಲ್ಲಿ ಚೆಂಡು ಆಚೆ ಬಿದ್ದರೆ ನಾಯಕನ ತಪ್ಪು. ಗೆಲ್ಲೋ ತಂಡ ಯಾವುದೋ ಅದರ ಕಡೆ ವಾಲಿದ ಹಾಗೆ ಇದು ಕೇಳಿಸುತ್ತೆ, ಸೋಲೋ ಕಡೆಯವರು ಪಕ್ಷಪಾತ ಅಂತಾರೆ. ನಿಜವಾಗಿ ಅದು ತಯಾರಿ ಇಲ್ಲದ ಮಾತು, ನಾಳೆ ಇನ್ನೊಂದು ತಂಡ ಗೆದ್ದರೆ ಆ ಕಡೆ ವಾಲುತ್ತೆ.

ನಿಜವಾದ ಪಕ್ಷಪಾತ ಜೋಡಿ ಘಟನೆಗಳಲ್ಲಿ ಮಾತ್ರ ಸಿಕ್ಕಿಬೀಳುತ್ತೆ. ಎರಡೂ ತಂಡ ಒಂದೊಂದು ಕ್ಯಾಚ್ ಬಿಟ್ಟಿದ್ದರೆ ಒಬ್ಬನಿಗೆ "ಕಷ್ಟದ ಕ್ಯಾಚು, ಬೆಳಕು ಕಣ್ಣಿಗೆ ಹೊಡೀತು", ಇನ್ನೊಬ್ಬನಿಗೆ "ಈ ಮಟ್ಟದಲ್ಲಿ ಇದನ್ನು ಹಿಡೀಲೇಬೇಕು" ಅಂದರಾ? ಹೀಗೆ ನಾಲ್ಕೈದು ಜೋಡಿ ಒಂದೇ ದಿಕ್ಕಿಗೆ ವಾಲಿದರೆ ದೂರು ಗಟ್ಟಿ. ಒಂದೆರಡು ಜೋಡಿ ಸಾಲದು. ಯಾವ ಆಟಗಾರನ ಮುಖ ಎಷ್ಟು ಸಲ ಪರದೆಗೆ ಬಂತು ಅನ್ನೋದನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದು ನಿರ್ದೇಶಕರ ಆಯ್ಕೆ.

ಜ್ಞಾನ ಅಳೆಯೋಕೆ ಮೂರು ಮಾತು ಹಿಡೀರಿ. "ಪಿಚ್ ಬಿದ್ದ ಮೇಲೆ ಚೆಂಡಿನ ವೇಗ ಹೆಚ್ಚಾಯ್ತು" ಅಂದರೆ ತಪ್ಪು. ನೆಲಕ್ಕೆ ತಾಗಿದ ಚೆಂಡು ವೇಗ ಕಳ್ಕೊಳ್ಳುತ್ತೆ, ಜಾರಿ ಬರೋ ಚೆಂಡು ಕಡಿಮೆ ಕಳ್ಕೊಳ್ಳುತ್ತೆ ಅಷ್ಟೇ. ಎಲ್‌ಬಿ ಮನವಿಯಲ್ಲಿ ಚೆಂಡು ಲೆಗ್ ಸ್ಟಂಪಿನ ಆಚೆ ಬಿದ್ದಿದ್ದರೆ ಎತ್ತರದ ಚರ್ಚೆಯೇ ಅನಗತ್ಯ, ಅದು ನಾಟೌಟ್. ಅದಾದ ಮೇಲೂ ಎತ್ತರದ ಬಗ್ಗೆ ಮಾತು ಬೆಳೆಸುವವರು ನಿಯಮ ಓದಿಲ್ಲ. ಇನ್ನು ಅಂಪೈರ್ಸ್ ಕಾಲ್: ಸ್ಟಂಪಿನ ವಲಯಕ್ಕೆ ತಾಗೋದು ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಆಗಿದ್ದರೆ ಮೈದಾನದ ತೀರ್ಪೇ ಉಳಿಯುತ್ತೆ. ಪ್ರತಿ ಸಲ ಇದನ್ನು "ಅನ್ಯಾಯ" ಅಂತ ಕೂಗಿದರೆ ನೋಡುವವರ ತಲೆ ಕೆಡುತ್ತೆ ಹೊರತು ವಿಷಯ ತಿಳಿಯಲ್ಲ.

ಒಳ್ಳೆಯ ಮಾದರಿ ಬೇಕಾದರೆ 2019ರ ಜುಲೈ 14, ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್-ನ್ಯೂಜಿಲೆಂಡ್ ವಿಶ್ವಕಪ್ ಫೈನಲ್. ಎರಡೂ ತಂಡ 241, ಸೂಪರ್ ಓವರಿನಲ್ಲೂ 15-15, ಬೌಂಡರಿ ಲೆಕ್ಕದಲ್ಲಿ 26-17 ಅಂತ ಇಂಗ್ಲೆಂಡ್ ಗೆದ್ದಿತು. ಕೊನೆ ಎಸೆತ ಹೇಳಿದವರು ನ್ಯೂಜಿಲೆಂಡಿನ ಮಾಜಿ ವಿಕೆಟ್‌ಕೀಪರ್ ಇಯಾನ್ ಸ್ಮಿತ್. ತಮ್ಮ ದೇಶ ಸೋತ ಕ್ಷಣವನ್ನು ಗೆದ್ದವರ ಕ್ಷಣವಾಗಿ ಪೂರ್ತಿ ದನಿಯಲ್ಲಿ ಹೇಳಿದರು. ಇದಕ್ಕಿಂತ ದೊಡ್ಡ ಪರೀಕ್ಷೆ ಈ ಕೆಲಸದಲ್ಲಿ ಇಲ್ಲ.

ಗಲ್ಲಿ_ಫೀಲ್ಡರ್

ಜೋಡಿ ಘಟನೆಗಳ ವಿಧಾನ ಚೆನ್ನಾಗಿದೆ, ಧನ್ಯವಾದ ಸರ್. ವೇಗದ ಆಟಗಳಲ್ಲಿ ಇದು ನಡೆಯುತ್ತಾ? ಕಬಡ್ಡಿಯಲ್ಲಿ ಬರೆದುಕೊಳ್ಳೋಕೆ ಹೊತ್ತೆಲ್ಲಿ?

ಡು_ಆರ್_ಡೈ

ಕಬಡ್ಡಿಗೆ ಬೇರೆ ಅಳತೆ. ಒಂದು ರೈಡ್‌ಗೆ 30 ಸೆಕೆಂಡು. ರೈಡರ್ ಗೆರೆ ದಾಟೋ ಮುಂಚೆ ನೋಡುಗರಿಗೆ ಮೂರು ವಿಷಯ ಗೊತ್ತಿರಬೇಕು: ಎದುರು ಎಷ್ಟು ಡಿಫೆಂಡರ್‌ಗಳಿದ್ದಾರೆ, ಇದು ಎಷ್ಟನೇ ಖಾಲಿ ರೈಡ್, ಅಂಕದ ಅಂತರ ಎಷ್ಟು. ಆರು ಇಲ್ಲವೇ ಏಳು ಮಂದಿ ಇದ್ದರೆ ಬೋನಸ್ ಸಿಗಬಹುದು. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೋನಸ್ ಇಲ್ಲ, ಆದರೆ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಎರಡು ರೈಡ್ ಖಾಲಿ ಹೋಗಿದ್ದರೆ ಮೂರನೆಯದು ಡು ಆರ್ ಡೈ, ಅಂದರೆ ಅಂಕ ತರದಿದ್ದರೆ ರೈಡರ್ ಔಟ್.

ಈ ಮೂರು ತಿಳಿದ ಮೇಲೆ ರೈಡರ್ ಮೂಲೆಯ ಕಡೆ ನಡೆಯೋ ನಾಲ್ಕು ಹೆಜ್ಜೆಯೇ ಕಥೆ ಹೇಳುತ್ತೆ. ಇದನ್ನು ಬಿಟ್ಟು ಮೂವತ್ತು ಸೆಕೆಂಡೂ ರೈಡರ್ ಹೆಸರಿಗೆ ಬಿರುದು ಕಟ್ಟುತ್ತಾ ಕೂತರೆ ಹೊಸಬರಿಗೆ ಆಟ ಯಾವತ್ತೂ ಅರ್ಥ ಆಗಲ್ಲ, ಹಳಬರಿಗೆ ತಲೆನೋವು. ನನ್ನ ಅಭಿಪ್ರಾಯ ಕೇಳಿದರೆ ಕಬಡ್ಡಿ ಕಾಮೆಂಟರಿಯ ದೊಡ್ಡ ರೋಗ ಕಿರುಚಾಟ ಅಲ್ಲ. ಡಿಫೆನ್ಸ್ ಬಗ್ಗೆ ಮಾತೇ ಇಲ್ಲದಿರೋದು. ಆಂಕಲ್ ಹೋಲ್ಡ್ ಹಾಕಿದವನ ಹೆಸರು ಬರುತ್ತೆ. ರೈಡರ್ ಹಿಂದಕ್ಕೆ ತಿರುಗೋ ದಾರಿ ಮುಚ್ಚಿದ ಕವರ್ ಆಟಗಾರನ ಹೆಸರು ಬರಲ್ಲ. ಅವನಿಲ್ಲದೆ ಆ ಹಿಡಿತ ಬಿಗಿಯಾಗೋದೇ ಇಲ್ಲ. ಒಂದು ಅರ್ಧದ 20 ನಿಮಿಷದಲ್ಲಿ ಕವರ್ ಆಟಗಾರರ ಹೆಸರು ಎಷ್ಟು ಸಲ ಕೇಳಿತು ಅಂತ ಎಣಿಸಿ. ಅಷ್ಟು ಸಾಕು.

ರಾತ್ರಿ_ಪಾಳಿ

ಪತ್ರಿಕೆಯವರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಬರೆಯುತ್ತೇನೆ.

ರಾತ್ರಿ ಪಂದ್ಯದ ವರದಿ ಪಂದ್ಯ ಮುಗಿದ ಮೇಲೆ ಬರೆದದ್ದಲ್ಲ. ಫುಟ್‌ಬಾಲ್ ಪಂದ್ಯಕ್ಕೆ 700 ಪದ ಬೇಕೆಂದರೆ ಮೊದಲರ್ಧದ 300 ಪದ ವಿರಾಮದ ಹೊತ್ತಿಗೇ ಡೆಸ್ಕಿಗೆ ಹೋಗಿರುತ್ತದೆ, 75ನೇ ನಿಮಿಷದ ಆಸುಪಾಸಿನಲ್ಲಿ ಇನ್ನೊಂದು ಕಂತು. ಕೊನೆಯ ಶಿಳ್ಳೆ ಬಿದ್ದೊಡನೆ ಮೇಲಿನ ಎರಡು ಪ್ಯಾರಾ ಮಾತ್ರ ಹೊಸದಾಗಿ ಬರೆದು ಕೂಡಿಸುತ್ತಾರೆ. 88ನೇ ನಿಮಿಷದಲ್ಲಿ ಗೋಲು ಬಂದು ಫಲಿತಾಂಶ ತಿರುಗಿದರೆ ಆ ಎರಡು ಪ್ಯಾರಾ ಒಂದು ಕಥೆ ಹೇಳುತ್ತದೆ, ಕೆಳಗಿನ ಐದು ಪ್ಯಾರಾ ಇನ್ನೊಂದು ಕಥೆ ಹೇಳುತ್ತದೆ. "ಮ್ಯಾಚೇ ನೋಡಿಲ್ಲ" ಎಂಬ ದೂರು ಬರುವುದು ಈ ಹೊಲಿಗೆಯ ಜಾಗದಿಂದ. ಹಾಗಾಗಿ ಶಿಳ್ಳೆಯೊಂದಿಗೆ ವೆಬ್‌ಸೈಟಿಗೆ ಬಂದ ಮೊದಲ ಪ್ರತಿಯ ಮೇಲೆ ತೀರ್ಪು ಕೊಡಬೇಡಿ. ಪತ್ರಿಕಾಗೋಷ್ಠಿ ಮುಗಿದ ಮೇಲೆ ತಿದ್ದಿ ಬರೆದ ಪ್ರತಿ ಬರುತ್ತದೆ, ಬರಹಗಾರರ ಯೋಗ್ಯತೆ ಅಲ್ಲಿ ಕಾಣುತ್ತದೆ.

ಶೀರ್ಷಿಕೆ ಬರೆಯುವವರು ಸಾಮಾನ್ಯವಾಗಿ ಡೆಸ್ಕಿನ ಉಪಸಂಪಾದಕರು, ವರದಿಗಾರರಲ್ಲ. ಶೀರ್ಷಿಕೆ ಕೆರಳಿಸುವಂತಿದ್ದು ಒಳಗಿನ ಬರಹ ಸಮತೂಕದಲ್ಲಿದ್ದರೆ ಸಿಟ್ಟು ಸರಿಯಾದ ಜಾಗಕ್ಕೆ ಹೋಗಲಿ. ಮಾಜಿ ಆಟಗಾರರ ಹೆಸರಿನ ಅಂಕಣಗಳಲ್ಲಿ ಹಲವು, ಅವರು ಫೋನಿನಲ್ಲಿ ಹೇಳಿದ್ದನ್ನು ಪತ್ರಕರ್ತರು ಬರೆದುಕೊಟ್ಟವು. ಹತ್ತಕ್ಕೆ ಇಷ್ಟು ಎಂದು ಆಟಗಾರರಿಗೆ ಕೊಡುವ ಅಂಕಗಳನ್ನಂತೂ ಪಂದ್ಯ ಮುಗಿಯುವ ಮೊದಲೇ ಬರೆದಿಟ್ಟಿರುತ್ತಾರೆ. ಆರು ಎಂದರೆ "ವಿಶೇಷವೇನೂ ಗಮನಿಸಲಿಲ್ಲ" ಎಂದು ಓದಿಕೊಳ್ಳಿ. ಅದರ ಮೇಲೆ ಜಗಳ ಕಾಯುವುದು ದಂಡ.

ತಂಡ ಸೇರುವ, ತಂಡ ಬಿಡುವ ಸುದ್ದಿಗಳನ್ನು ಓದುವಾಗ ಕ್ರಿಯಾಪದ ನೋಡಿ. "ಆಸಕ್ತಿ ತೋರಿದೆ", "ಗಮನಿಸುತ್ತಿದೆ", "ಮಾತುಕತೆ ನಡೆದಿದೆ ಎನ್ನಲಾಗಿದೆ" ಎಂಬಿವು ಎಂದೂ ಸುಳ್ಳಾಗದ ವಾಕ್ಯಗಳು, ಆದ್ದರಿಂದ ಬೆಲೆಯೂ ಇಲ್ಲ. ಇವನ್ನು ಹಲವು ಸಲ ಆಟಗಾರರ ಏಜೆಂಟರೇ ಹರಿಬಿಡುತ್ತಾರೆ, ಹಳೆಯ ತಂಡದೊಡನೆ ಸಂಬಳದ ಚೌಕಾಸಿಗೆ ಅನುಕೂಲವಾಗಲೆಂದು. ಮೊತ್ತ, ಒಪ್ಪಂದದ ವರ್ಷ, ವೈದ್ಯಕೀಯ ಪರೀಕ್ಷೆಯ ದಿನ ಬರೆದವರು ತಪ್ಪಾಗುವ ಅಪಾಯ ಹೊತ್ತವರು. ಒಂದು ವರ್ಗಾವಣೆ ಅವಧಿಯುದ್ದಕ್ಕೂ ನಾಲ್ಕು ವರದಿಗಾರರ ಅಂಥ ಖಚಿತ ವಾಕ್ಯಗಳನ್ನು ದಿನಾಂಕ ಸಹಿತ ಬರೆದಿಡಿ, ಅವಧಿ ಮುಗಿದಾಗ ಸರಿ ಎಷ್ಟು, ತಪ್ಪು ಎಷ್ಟು ಎಣಿಸಿ. ಯಾರನ್ನು ನಂಬಬಹುದೆಂದು ಮುಂದೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಬೈಲೈನ್, ಅಂದರೆ ವರದಿಯ ಮೇಲಿರುವ ಬರೆದವರ ಹೆಸರು, ಗಮನಿಸುವುದನ್ನು ಮರೆಯಬೇಡಿ. ಸುದ್ದಿಸಂಸ್ಥೆಯ ಒಂದೇ ಪ್ರತಿ ಹತ್ತು ಕಡೆ ಬಂದಿದ್ದರೆ ಹತ್ತು ಜನ ಒಂದೇ ಅಭಿಪ್ರಾಯಕ್ಕೆ ಬಂದರೆಂದು ಅರ್ಥವಲ್ಲ.

ಸೆಂಟರ್_ಚಾನೆಲ್

ಈಗ ಆಡಿಯೋ ಪ್ರಶ್ನೆಗೆ.

ಕಾಮೆಂಟರಿಯೇ ಬೇಡ ಅನ್ನೋ ಪ್ರಯೋಗ ಹಳೆಯದು. 1980ರ ಡಿಸೆಂಬರ್ 20ರಂದು ಅಮೆರಿಕದ ಎನ್‌ಬಿಸಿ ವಾಹಿನಿ ಜೆಟ್ಸ್ ಮತ್ತು ಡಾಲ್ಫಿನ್ಸ್ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು ಕಾಮೆಂಟೇಟರ್ ಇಲ್ಲದೆ ತೋರಿಸಿತ್ತು. ಮೈದಾನದ ಮೈಕ್ ಶಬ್ದ ಮತ್ತು ಹೆಚ್ಚಿನ ಗ್ರಾಫಿಕ್ಸ್ ಮೇಲೆ ಅವಲಂಬಿಸಿದರು. ಅದು ಪದ್ಧತಿಯಾಗಿ ಬೆಳೆಯಲಿಲ್ಲ. ಟಿವಿ ಕಡೆ ಕಣ್ಣಿಲ್ಲದಾಗ ಮಾತು ಬೇಕೇ ಬೇಕಾಗುತ್ತೆ.

ಮನೆಯಲ್ಲಿ ಇದನ್ನೇ ಮಾಡಬೇಕಾದರೆ, ಪ್ರಸಾರ 5.1 ಆಡಿಯೋದಲ್ಲಿದ್ದು (ಸುತ್ತಲಿನ ಸ್ಪೀಕರ್‌ಗಳಿಗೆ ಬೇರೆ ಬೇರೆ ಸದ್ದು ಕಳಿಸೋದು), ನಿಮ್ಮಲ್ಲಿ ಆ ಸ್ಪೀಕರ್‌ಗಳನ್ನು ನಡೆಸೋ ರಿಸೀವರ್ ಇದ್ದು, ಮಧ್ಯದ ಸ್ಪೀಕರ್ ಬೇರೆ ಇದ್ದರೆ ಸುಲಭ. ಕಾಮೆಂಟರಿ ಹೆಚ್ಚಾಗಿ ಸೆಂಟರ್ ಚಾನೆಲ್‌ನಲ್ಲಿರುತ್ತೆ. ರಿಸೀವರ್ ಮೆನುವಿನಲ್ಲಿ ಆ ಸ್ಪೀಕರಿನ ಮಟ್ಟವನ್ನು ಪೂರ್ತಿ ಇಳಿಸಿ, ಜನರ ಸದ್ದು ಅಕ್ಕಪಕ್ಕದ ಸ್ಪೀಕರ್‌ಗಳಲ್ಲಿ ಉಳಿಯುತ್ತೆ. ಟಿವಿಯ ಸ್ವಂತ ಸ್ಪೀಕರ್‌ನಲ್ಲಿ ಇದು ಆಗಲ್ಲ, ಅಲ್ಲಿ ಎಲ್ಲ ಚಾನೆಲ್ ಕಲಸಿ ಎರಡಾಗಿರುತ್ತೆ. ಮಾತಿನ ಸ್ಪಷ್ಟತೆ ಹೆಚ್ಚಿಸೋ ಆಯ್ಕೆ ಆನ್ ಇದ್ದರೆ ಮೊದಲು ಆಫ್ ಮಾಡಿ, ಅದು ಕಾಮೆಂಟೇಟರ್ ಧ್ವನಿಯನ್ನೇ ಎತ್ತಿ ಕೊಡುತ್ತೆ.

ರೇಡಿಯೋ ಹೊಂದಿಸೋದು. ರೇಡಿಯೋದವರು ಸ್ಕೋರ್ ಪದೇಪದೇ ಹೇಳ್ತಾರೆ. ಬೇಸ್‌ಬಾಲ್ ಕಾಮೆಂಟೇಟರ್ ರೆಡ್ ಬಾರ್ಬರ್ ಅದು ಮರೆಯಬಾರದು ಅಂತ ಮೂರು ನಿಮಿಷದ ಮರಳು ಗಡಿಯಾರ ಮುಂದಿಟ್ಟುಕೊಂಡಿರ್ತಿದ್ದರು. ತೊಂದರೆ ಬರೋದು ವಿಳಂಬದಲ್ಲಿ. ಗಾಳಿಯಲ್ಲಿ ಬರೋ ರೇಡಿಯೋ ಎಲ್ಲಕ್ಕಿಂತ ಮುಂದೆ, ಡಿಶ್ ಟಿವಿ ಕೆಲವು ಸೆಕೆಂಡು ಹಿಂದೆ, ಆ್ಯಪ್ ಸ್ಟ್ರೀಮ್ ಇಪ್ಪತ್ತು ಮೂವತ್ತು ಸೆಕೆಂಡು ಹಿಂದೆ ಬೀಳಬಹುದು. ಸ್ಟ್ರೀಮಿಂಗ್‌ನಲ್ಲಿ ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸ್ತಾರೆ, ಪ್ಲೇಯರ್ ಅಂಥ ಎರಡು ಮೂರು ತುಂಡು ಕೂಡಿಟ್ಟುಕೊಂಡೇ ಶುರು ಮಾಡುತ್ತೆ.

ಹಾಗಾಗಿ ಕಾಮೆಂಟರಿಯನ್ನೂ ನಿಲ್ಲಿಸಬಹುದಾದ ಕಡೆಯಿಂದ, ಅಂದರೆ ಇಂಟರ್‌ನೆಟ್ ರೇಡಿಯೋದಿಂದ ತಗೊಳ್ಳಿ. ಟಿವಿ ಮ್ಯೂಟ್ ಮಾಡೋ ಮುಂಚೆ ಎರಡನ್ನೂ ಒಟ್ಟಿಗೆ ಕೇಳಿ. ಬ್ಯಾಟಿಗೆ ಚೆಂಡು ತಾಗೋ ಸದ್ದು ಇಲ್ಲವೇ ರೆಫ್ರಿಯ ಶಿಳ್ಳೆ ಎರಡರಲ್ಲೂ ಕೇಳುತ್ತೆ. ಮೊದಲು ಕೇಳಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಎರಡನೇ ಸಲ ಕೇಳಿದಾಗ ನಿಲ್ಲಿಸಿ. ಯಾವುದು ಮುಂದಿದೆಯೋ ಅದನ್ನು ಅಷ್ಟು ಸೆಕೆಂಡು ಪಾಸ್ ಮಾಡಿ ಬಿಡಿ. ನಂತರದ ಎರಡು ಎಸೆತದಲ್ಲಿ ಅರ್ಧರ್ಧ ಸೆಕೆಂಡು ಸರಿಪಡಿಸಿಕೊಳ್ಳಿ. ಕಾಮೆಂಟರಿ ಅರ್ಧ ಸೆಕೆಂಡು ತಡವಾದರೂ ನಡೆಯುತ್ತೆ, ಮುಂದೆ ಮಾತ್ರ ಇರಬಾರದು. ಸ್ಟಂಪ್ ಹಾರೋ ಮುಂಚೆ "ಔಟ್" ಅಂತ ಕೇಳಿದರೆ ಮ್ಯಾಚ್ ನೋಡೋ ಸುಖವೇ ಹೋಯ್ತು.

ಗಲ್ಲಿ_ಫೀಲ್ಡರ್

ಒಮ್ಮೆ ಹೊಂದಿಸಿದ ಮೇಲೆ ನಾಲ್ಕೈದು ಓವರ್ ಆದಮೇಲೆ ಮತ್ತೆ ತಪ್ಪಿದರೆ? ಸೆಂಟರ್ ಇಳಿಸಿದರೆ ಸ್ಟಂಪ್ ಮೈಕ್ ಸದ್ದೂ ಹೋಗಲ್ವಾ?

ಸೆಂಟರ್_ಚಾನೆಲ್

ತಪ್ಪೋದು ವಿಡಿಯೋ ಗುಣಮಟ್ಟ "ಆಟೋ" ಇದ್ದಾಗ. ನೆಟ್ ನಿಧಾನ ಆಗಿ ಚಕ್ರ ತಿರುಗಿದರೆ ಅಷ್ಟು ಹೊತ್ತು ಆ್ಯಪ್ ಇನ್ನೂ ಹಿಂದೆ ಬೀಳುತ್ತೆ, ಜಾಹೀರಾತು ಮುಗಿದ ಮೇಲೆ ಕೆಲವು ಆ್ಯಪ್ ತಾನಾಗೇ ಲೈವ್‌ಗೆ ಜಿಗಿಯುತ್ತೆ. ನಿಮ್ಮ ನೆಟ್ ಸಲೀಸಾಗಿ ತಡೆಯೋ ಒಂದು ಗುಣಮಟ್ಟ ಆರಿಸಿ ಅಲ್ಲೇ ನಿಲ್ಲಿಸಿ, ಡ್ರಿಂಕ್ಸ್ ವಿರಾಮದ ಮೇಲೆ ಒಮ್ಮೆ ನೋಡಿಕೊಳ್ಳಿ. ಸ್ಟಂಪ್ ಮೈಕ್ ಆಯಾ ಪ್ರಸಾರದ ಮಿಶ್ರಣದ ಮೇಲೆ ನಿಂತಿದೆ. ಅದನ್ನೂ ಸೆಂಟರಿಗೇ ಹಾಕಿದ್ದರೆ ಬ್ಯಾಟಿನ ಸದ್ದು ಕಾಮೆಂಟರಿ ಜೊತೆಗೇ ಹೋಗುತ್ತೆ. ಆಗ ಸೆಂಟರನ್ನು ಪೂರ್ತಿ ಇಳಿಸದೆ, ಬ್ಯಾಟಿನ ಸದ್ದು ಕೇಳೋವಷ್ಟು ಮಾತ್ರ ಬಿಟ್ಟು, ಉಳಿದ ಸ್ಪೀಕರ್‌ಗಳನ್ನು ಏರಿಸಿ.